ಅಜ್ಜನಿಗೆ ಎಣ್ಣೆ, ನೀರು, ತಗಡು

ಮರುಭೂಮಿಯಲ್ಲಿ ಒಂಟೆ ಹತ್ತಿದ್ದೇನೆ, ಹಿಮದಲ್ಲಿ ಜೀಪು ತಳ್ಳಿದ್ದೇನೆ. ಆದರೆ ಮನೆಯಂಗಳದಲ್ಲಿ ನಿಂತಿರುವ ನಮ್ಮ ಕಾರಿನಷ್ಟು ಯಾವುದೂ ನನ್ನನ್ನು ಆಟ ಆಡಿಸಿಲ್ಲ. ಹದಿನೈದು ತುಂಬಿದ್ದರಿಂದ ಮನೆಯವರೆಲ್ಲ ಅದನ್ನು 'ಅಜ್ಜ' ಅನ್ನುವುದು. ಈ ಸಲದ ಆರ್‌ಟಿಒ ತಪಾಸಣೆಯಲ್ಲಿ ಫೇಲಾದರೆ ಗುಜರಿಗೆ ಅಂತ ನನ್ನ ಗಂಡನ ತೀರ್ಮಾನ. ಅತ್ತೆಗೋ ಬೇರೆ ಯಾವ ಗಾಡಿ ಹತ್ತಿದರೂ ತಿರುವಿಗೊಂದು ವಾಂತಿ. ಅಜ್ಜ ಹೋದರೆ ಶನಿವಾರಸಂತೆಯಲ್ಲಿರುವ ಅವರ ತಂಗಿ ಮನೆಗೆ ಹೋಗುವುದೂ ಹೋದಂತೆಯೇ.

ನೀರು

ಮೆಕ್ಯಾನಿಕ್ ಮಲಯಾಳಿ. "ಅಮ್ಮಾ, ಗಾಡಿಗೆ ದಿನಾ ವೆಳ್ಳಂ ಹಾಕ್ಬೇಕು, ಮರೀಬೇಡಿ" ಅಂತ ಅತ್ತೆಗೆ ಹೇಳಿ ಹೋದ. ಮರುದಿನ ನೋಡಿದರೆ ಅತ್ತೆ ಬಾನೆಟ್ ತೆಗೆಸಿ, ಎರಡು ಅಚ್ಚು ಬೆಲ್ಲ ಕುಟ್ಟಿಕೊಂಡು ನಿಂತಿದ್ದಾರೆ!

"ಅತ್ತೆ, ಬೆಲ್ಲ ಅಲ್ಲ! ವೆಳ್ಳಂ ಅಂದ್ರೆ ಅವನ ಭಾಷೇಲಿ ನೀರು!"

"ಹೌದಾ? ವಯಸ್ಸಾಗಿದೆಯಲ್ಲ, ನಿಶ್ಶಕ್ತಿಗೆ ಹೇಳಿರ್ಬೇಕು ಅಂದ್ಕೊಂಡೆ."

ಎಣ್ಣೆ

ಸೋಮವಾರಪೇಟೆ ಬಸ್ಸಿನಲ್ಲಿ ಕೂತು ಅದೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಅಜ್ಜನದು ಅತಿಯಾಯ್ತು ಕಣಪ್ಪ. ಹಾಕಿದ ಎಣ್ಣೆಯೆಲ್ಲ ಕುಡೀತಾನೆ, ಬರೀ ಹೊಗೆ ಬಿಡ್ತಾನೆ. ಬೆಳಿಗ್ಗೆ ಇಬ್ಬರು ಹಿಂದಿನಿಂದ ತಳ್ಳದಿದ್ರೆ ಅಲ್ಲಾಡಲ್ಲ."

ಪಕ್ಕದ ಸೀಟಿನ ಹೆಂಗಸು ಮೆಲ್ಲಗೆ ನನ್ನ ಕೈ ಹಿಡಿದರು. "ಬೇಜಾರು ಮಾಡ್ಕೋಬೇಡಿ ಅಕ್ಕ. ನಮ್ಮನೇಲೂ ಒಬ್ಬರಿದ್ದಾರೆ. ತಳ್ಳೋಕೆ ನಿಮ್ಮನೇಲಿ ಇಬ್ಬರಾದ್ರೂ ಇದ್ದಾರಲ್ಲ!"

ತಗಡು

ತಪಾಸಣೆಯ ಹಿಂದಿನ ದಿನ ಗೊತ್ತಾಯಿತು: ಮುಂದಿನ ಸೀಟಿನೆದುರು, ಕಾಲಿಡುವ ಜಾಗದ ತಗಡು ತುಕ್ಕು ತಿಂದು ಊಟದ ತಟ್ಟೆಯಗಲ ತೂತು. ವೆಲ್ಡಿಂಗಿನವ ಊರಲ್ಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ತೂತಿನ ಮೇಲೆ ಮ್ಯಾಟ್ ಹಾಸಿ, ಅದರ ಮೇಲೆ ಎರಡೂ ಪಾದ ಊರಿ ಕೂತೇಬಿಟ್ಟರು. "ನಡಿ ಮಡಿಕೇರಿಗೆ. ನಾನು ಕೂತಿರೋವಾಗ ಮ್ಯಾಟ್ ಯಾರು ಎತ್ತುತ್ತಾರೆ?"

ಮಡಿಕೇರಿಯ ಆರ್‌ಟಿಒ ಅಂಗಳದಲ್ಲಿ ಇನ್‌ಸ್ಪೆಕ್ಟರ್ ಬಂದರು. "ಅಜ್ಜೀ, ಸ್ವಲ್ಪ ಇಳೀತೀರಾ?"

"ಮಂಡಿನೋವು ಸಾರ್."

"ಪಾಪ, ಕೂತಿರಿ."

ಲೈಟ್ ಸರಿ. ಹಾರ್ನ್ ಸರಿ. ಬ್ರೇಕ್ ಸರಿ. ಇನ್ನೇನು ಗೆದ್ದೆವು ಅನ್ನುವಾಗ ಅವರು ಟಾರ್ಚ್ ಹಿಡಿದು ಗಾಡಿಯಡಿಗೆ ಬಗ್ಗಿದರು. ಅದೇ ಗಳಿಗೆಗೆ ಮ್ಯಾಟ್ ಕುಸಿಯಿತು. ಕೆಳಗಿನಿಂದ ದನಿ ಬಂತು:

"ಮೇಡಂ, ಆರ್‌ಸಿಯಲ್ಲಿ ನಾಲ್ಕು ಚಕ್ರ ಅಷ್ಟೇ ಇದೆ. ಈ ಎರಡು ಕಾಲು ಯಾವಾಗ ಫಿಟ್ ಮಾಡಿಸಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅವು ಒರಿಜಿನಲ್ ಸಾರ್. ಎಪ್ಪತ್ತಾರು ವರ್ಷ ಆಯ್ತು, ಒಂದು ತೂತಿಲ್ಲ!"

ನಗು ತಡೆಯಲಾಗದೆ ಇನ್‌ಸ್ಪೆಕ್ಟರ್ ಮೇಲೆದ್ದು ಬಂದರು. "ಒಂದು ವಾರ ಟೈಮ್ ಕೊಡ್ತೀನಿ. ತಗಡು ಹಾಕಿಸ್ಕೊಂಡು ಬನ್ನಿ, ಮಿಕ್ಕಿದ್ದೆಲ್ಲ ಪಾಸು. ಅಲ್ಲೀತನಕ ಇಳಿಜಾರಿನಲ್ಲಿ ಬ್ರೇಕ್ ನೀವೇ ಹಾಕಿ ಮೇಡಂ, ಅಜ್ಜಿ ಹಾಕೋದು ಬೇಡ."