ಹುರುಳಿಯ ಮೇಲೆ ಹೈಬ್ರಿಡ್

ಪೆಟ್ರೋಲ್ ಉಳಿಸುವ ಮನುಷ್ಯನಿಗೆ ಸೊಗಸಿನ ಆಸೆ ಇರಬಾರದೆಂದು ಕಾನೂನು ಮಾಡಿದವರು ಯಾರೋ ನನಗೆ ಗೊತ್ತಾಗಬೇಕು. ಕುಡಿದು ತೇಗುವ ದೊಡ್ಡ ಕಾರುಗಳಿಗೆ ಹುಲಿಯ ಮುಖ, ಚಿರತೆಯ ಸೊಂಟ. ಮಿತವಾಗಿ ಕುಡಿಯುವ ಸಣ್ಣ ಹೈಬ್ರಿಡ್ಡಿಗೆ ಮಾತ್ರ ಉಪವಾಸ ಹಿಡಿದವರ ಮುಖ. ಅರ್ಧ ಬ್ಯಾಟರಿ, ಅರ್ಧ ಪೆಟ್ರೋಲಿನ ಅಂಥದೊಂದನ್ನು ನಾನು ಕೊಂಡೆ. ಚಾಮರಾಜನಗರದ ನಮ್ಮ ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ನಾಯಿಗಳು ಕೂಡ ಅಟ್ಟಿಸಿಕೊಂಡು ಬರಲಿಲ್ಲ. ಕಾರಿಗೆ ಇದಕ್ಕಿಂತ ಅವಮಾನ ಬೇರೇನಿದೆ?

ಗುಂಡ್ಲುಪೇಟೆಯ ನನ್ನ ಭಾಮೈದ ಶಿವರುದ್ರ ನೋಡಿದವನೇ, "ಇದೇನ್ ಭಾವ, ಅಕ್ಕಿ ಡಬ್ಬಕ್ಕೆ ಚಕ್ರ ಕಟ್ಟವ್ರೆ! ವಸಿ ಸ್ಟೈಲ್ ಮಾಡ್ಬುಡನ" ಅಂದ. ಅವನ ಮಾತು ಕೇಳಿ ಹೊಳೆಯುವ ಅಲಾಯ್ ಚಕ್ರ, ಹಿಂದೊಂದು ರೆಕ್ಕೆ, ಮುಂದೆ ಬಂಪರಿನ ಕೆಳಗೆ ನೆಲಕ್ಕೆ ತಾಗುವಂಥ ಕಪ್ಪು ಪ್ಲಾಸ್ಟಿಕ್ ತುಟಿ ಹಾಕಿಸಿದೆ. ಕಾರು ಮೊದಲಿನಂತೆಯೇ ಓಡಿತು. ಈಗ ಮುನಿಸಿಕೊಂಡವರಂತೆ ತುಟಿ ಮುಂದೆ ಚಾಚಿ ಓಡಿತು, ಅಷ್ಟೆ.

ಅದನ್ನು ಮೆರೆಸಲು ಇಬ್ಬರೂ ಗುಂಡ್ಲುಪೇಟೆಗೆ ಹೊರಟೆವು. ಉಡಿಗಾಲದ ಹತ್ತಿರ ರಸ್ತೆಯ ತುಂಬ ಹುರುಳಿ ಗಿಡ ಹರಡಿತ್ತು. ನಮ್ಮ ಕಡೆ ಒಕ್ಕಣೆಗೆ ಕಣ ಬೇಡ, ಡಾಂಬರು ಸಾಕು. ಹೋಗಿ ಬರುವ ಬಸ್ಸು ಲಾರಿಗಳೇ ಹುಲ್ಲು ಕೇಳದ ಎತ್ತುಗಳು. ಇದು ತಪ್ಪು, ಅಪಾಯ ಎಂದು ನಾನು ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಆವತ್ತೂ ಕಾರಿನೊಳಗೆ ಅದನ್ನೇ ಮಾಡುತ್ತಿದ್ದೆ.

ಮುಂದಿನದನ್ನು ನಡೆದ ಹಾಗೆಯೇ ಹೇಳುತ್ತೇನೆ. ಹುರುಳಿಯ ನಡುವೆ ಒಬ್ಬ ಅಜ್ಜಿ ನಮಗೆ ಬೆನ್ನು ಮಾಡಿ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದರು. ನಾನು ವೇಗ ಇಳಿಸಿದೆ. ಎಂಜಿನ್ ತಾನಾಗಿ ನಿಂತು, ಕಾರು ಬ್ಯಾಟರಿಯ ಮೇಲೆ ಸಾಗತೊಡಗಿತು. ಸದ್ದು ಕೇಳಿ ಏಳುತ್ತಾರೆಂದು ಕಾದೆ. ಸದ್ದೇ ಇಲ್ಲವೆಂಬುದು ಹೊಳೆದು ಬ್ರೇಕ್ ಒತ್ತಿದಾಗ ಚಕ್ರ ಹುರುಳಿಯ ಮೇಲೆ ಜಾರಿತು. ತುಟಿ ರಾಶಿಗೆ ಗುದ್ದಿ ಕಿತ್ತುಬಂತು. ಕಾರು ನಿಂತಾಗ ಅಜ್ಜಿಯ ಬೆನ್ನಿಗೂ ಬಂಪರಿಗೂ ನಡುವೆ ಒಂದು ಮೊರದಷ್ಟು ಜಾಗವಿತ್ತು.

ಇಳಿದೆ. "ರಸ್ತೆಯೇನು ನಿಮ್ಮ ಕಣವೇ?" ಎಂದು ಕೂಗಲು ಬಾಯಿ ತೆರೆದೆ. ಅಜ್ಜಿ ನನಗಿಂತ ಮೊದಲೇ ಕೂಗಿದರು.

"ಕಾರೇನ್ಲಾ ಇದು, ಕಳ್ಬೆಕ್ಕೇನ್ಲಾ? ಗುರ್ ಅನ್ನದೆ ಬಂದ್ಬುಟ್ಟೆಯಲ್ಲ! ನಾನ್ ಸತ್ತೋಗಿದ್ರೆ ಈ ಉಳ್ಳಿಕಾಳ್ನ ಯಾರ್ಲಾ ತುಂಬೋರು?"

"ತಪ್ಪಾಯ್ತು ಕಣಜ್ಜಿ" ಎಂದ ಶಿವರುದ್ರ.

"ತಪ್ಪಾದ್ಮೇಲೆ ದಂಡ ಕಟ್ಬೇಕು. ಬೆಳಗ್ಗೆ ಎರಡ್ ಲಾರಿ ಬಂದ್ಮೇಲೆ ಇನ್ನೊಂದೂ ಬಂದಿಲ್ಲ. ಇದ್ರ ಮೇಲೆ ಓಗಿ ಬಂದು, ಓಗಿ ಬಂದು ತುಳ್ಸು. ಆರನ್ ಒಡ್ಕಂಡೇ ಓಡುಸ್ಬೇಕು ಮತ್ತೆ!"

ಕಿತ್ತುಬಿದ್ದ ತುಟಿಯನ್ನು ಎತ್ತಿಕೊಂಡು, ಅದರಿಂದಲೇ ಹುರುಳಿ ಬಾಚಿ ನನ್ನ ಚಕ್ರದ ಮುಂದೆ ಹರಡಿ, ಅಜ್ಜಿ ರಸ್ತೆಯ ಬದಿಗೆ ಸರಿದು ನಿಂತರು. ಎಂಥ ದಬ್ಬಾಳಿಕೆ! ನಡುರಸ್ತೆಯಲ್ಲಿ ಕೂತವರು ಅವರು, ದಂಡ ನನಗೆ. ಮೈಯೆಲ್ಲ ಉರಿಯುತ್ತಿತ್ತು. ಹಾರನ್ ಒತ್ತುತ್ತ ಹೋದೆ, ತಿರುಗಿಸಿ ಬಂದೆ. ಚಕ್ರದಡಿ ಹುರುಳಿಕಾಯಿ ಚಟಪಟ ಸಿಡಿಯಿತು. ತಿರುಗುವಾಗ ಈ ಕಾರು ಇಷ್ಟು ಚುರುಕೆಂದು ನನಗೆ ತಿಳಿದಿರಲಿಲ್ಲ. ಅಜ್ಜಿ ಮೊರ ಬೀಸಿ, "ಸಾಕು ಬುಡಪ್ಪ, ಒಕ್ಕಿದ್ದಾಯ್ತು" ಎಂದು ಕೂಗಿದರು. ಶಿವರುದ್ರ ಪಕ್ಕದಲ್ಲಿ, "ಭಾವ, ನಂಗೂ ಒಂದ್ ಸಲ ಕೊಡಿ" ಎಂದು ಬೇಡುತ್ತಿದ್ದ. ಇಂಥ ಅನ್ಯಾಯವನ್ನು ಯಾರಾದರೂ ಸಹಿಸುತ್ತಾರೆಯೇ ಎಂದು ಬೈಯುತ್ತಲೇ ನಾನು ಕಾರನ್ನು ಇನ್ನೊಮ್ಮೆ ತಿರುಗಿಸಿದೆ.