ಮಾಡಿಲ್ಲದ ಶಾಲೆಗೆ ಗೋಡೆ ತುಂಬ ಗಡಿಯಾರ

ನಮ್ಮೂರ ಕನ್ನಡ ಶಾಲೆಯ ಉದ್ಧಾರಕ್ಕೆ ನನಗಾದ ಖರ್ಚು ಒಂದು ಗಾಡಿ ಹೆಂಚು, ಒಂದು ಡಬ್ಬಿ ಬಣ್ಣ, ಜೊತೆಗೆ ಜಿಪುಣನೆಂದು ನಾನು ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ್ದ ಹೆಸರು. ಮೂರನೆಯದೇ ದೊಡ್ಡ ನಷ್ಟ. ಆ ಹೆಸರಿದ್ದಷ್ಟು ದಿನ ವಂತಿಗೆ ಕೇಳುವವರು ನನ್ನ ಅಂಗಡಿಯ ಮುಂದೆ ಸೈಕಲ್ ಜೋರಾಗಿ ತುಳಿಯುತ್ತಿದ್ದರು. ಖರ್ಚಿಗೆ ಕಾರಣ ಮಗಳು ಪದ್ಮಾ. ಏಳನೇ ಇಯತ್ತೆಯ ಕೋಣೆಯ ಮಾಡು ಕುಸಿದಿತ್ತು. ಮಳೆಗಾಲದೊಳಗೆ ಸರಿಯಾಗದಿದ್ದರೆ ತರಗತಿಯನ್ನು ಅಂಕಲಿಯ ಶಾಲೆಗೆ ಸೇರಿಸುತ್ತೇವೆಂದು ಮೇಲಿನವರು ಹೇಳಿದ್ದರು. ಅಷ್ಟು ದೂರ ಹುಡುಗಿಯರನ್ನು ಕಳಿಸುವವರು ನಮ್ಮೂರಲ್ಲಿ ಇರಲಿಲ್ಲ. "ಇನ್ನ ಪದ್ಮಾನ ಸಾಲಿ ಮುಗೀತ ತಿಳಿ" ಎಂದು ನಮ್ಮವ್ವ ತೀರ್ಪು ಕೊಟ್ಟಾಗಿತ್ತು.

ಎಂಬತ್ತರ ದಶಕದ ಕೊನೆಯ ಮಾತಿದು. ಆಗ ಚಿಕ್ಕೋಡಿಯ ಒಂದು ಸೇವಾ ಸಂಸ್ಥೆಯಿಂದ ಸುಮಿತ್ರಾ ಎಂಬ ಅಕ್ಕ ಬಸ್ಸಿನಲ್ಲಿ ಬಂದು, ಶಾಲೆಯ ಬೇವಿನ ಗಿಡದ ಕೆಳಗೆ ಊರವರ ಸಭೆ ಕರೆದರು.

"ಸಾಲಿ ಸರಕಾರದ್ದಲ್ರಿ, ನಿಮ್ದು."

ನನ್ನ ಪಕ್ಕ ಕೂತಿದ್ದ ಕಬ್ಬಿನ ಬಾಳಪ್ಪ ಎದ್ದ. "ನಮ್ದಂದ್ರ ಮಾರಬಹುದೇನ್ರಿ ಅಕ್ಕಾರ?"

"ಮಾರಾಕ ಬರೂದಿಲ್ರಿ ಅಣ್ಣಾರ. ಮ್ಯಾಲ ಹೆಂಚ ಹೊದಿಸಾಕ ಬರತೈತಿ."

ನಕ್ಕೂ ನಕ್ಕೂ ಎಲ್ಲರೂ ಒಪ್ಪಿದರು. ಕೈಲಾದದ್ದನ್ನು ತಂದುಕೊಡಿ ಎಂದಷ್ಟೇ ಅಕ್ಕ ಹೇಳಿದ್ದು, ತಪ್ಪಾದದ್ದು ಅಲ್ಲೇ. ನಮ್ಮ ಕಡೆ ಮದುವೆಗೆ ಒಂದು ತಂಬಿಗೆ ಕೊಟ್ಟರೂ ಹೆಸರು ಹಾಕಿಸದೆ ಕೊಡುವ ರೂಢಿಯಿಲ್ಲ. ಹೆಸರು ಎದ್ದು ಕಾಣುವ ವಸ್ತುವೆಂದರೆ ಗಡಿಯಾರ. ಮನೆಮನೆಯಿಂದ ಗಡಿಯಾರಗಳೇ ಬಂದವು. ಒಂದೊಂದರಲ್ಲಿ ಒಂದೊಂದು ವೇಳೆ. ಮಾಸ್ತರರು ಮಾತ್ರ ನಿಪ್ಪಾಣಿ ಬಸ್ಸಿನ ಹಾರ್ನ್ ಕೇಳಿಯೇ ಗಂಟೆ ಬಾರಿಸುತ್ತಿದ್ದರು.

"ಬಾಳಪ್ಪಾ, ಹೆಂಚ ಕೊಡೋ" ಎಂದೆ.

"ಹೆಂಚಿನ ಮ್ಯಾಲಿನ ಹೆಸರ ಯಾರ ಓದ್ತಾರೋ? ಕಾಗಿ?"

ವ್ಯಾಪಾರ ಕುದುರುವುದು ಇಂಥ ಕಡೆಯೇ. "ಒಳಗ ತೊಲಿಗೆ ಬರಸೂನು. ಗಡಿಯಾರ ಯಾವಾಗರ ಒಮ್ಮೆ ನೋಡ್ತಾರ. ಪಾಠ ಬ್ಯಾಸರಾದ ಹುಡುಗೂರು ದಿನಾ ಪೂರ್ತಿ ಮ್ಯಾಲೇ ನೋಡ್ತಾವ."

ಬಾಳಪ್ಪ ತನ್ನ ಶಾಲೆಯ ದಿನಗಳನ್ನು ನೆನೆಸಿಕೊಂಡಿರಬೇಕು. "ಖರೇ ಐತಿ ಬಿಡು" ಎಂದ. ಸಂಜೆಯೊಳಗೆ ನಡುವಿನ ತೊಲೆಗಾಗಿ ಜಗಳವೇ ಆಯಿತು. ಒಪ್ಪಿದವರು ಬೆಳಗಾಗುವುದರೊಳಗೆ ಹಿಂದೆ ಸರಿಯದಿರಲೆಂದು ಮೊದಲ ಗಾಡಿ ಹೆಂಚು ನಾನೇ ತರಿಸಿ, ಬಾಗಿಲ ಪಕ್ಕದ ತೊಲೆಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆಸಿದೆ. ಊರಿಗೆ ಊರೇ ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಿದ ಆ ಸಂಜೆಗಳು ನೆನಪಾದರೆ ಅಂಗೈ ಈಗಲೂ ಕೆಂಪಗಾದಂತೆನಿಸುತ್ತದೆ. ನಮ್ಮವ್ವ ಮಜ್ಜಿಗೆಯ ಕೊಡ ಹೊತ್ತು ತಾನಾಗಿಯೇ ಬಂದಿದ್ದಳು.

ಪದ್ಮಾ ಏಳನೆಯದನ್ನು ಅದೇ ಕೋಣೆಯಲ್ಲಿ ಓದಿ ಪಾಸಾದಳು. ಇಡೀ ಮಾಡಿನಲ್ಲಿ ಸೋರುತ್ತಿದ್ದದ್ದು ಒಂದೇ ಜಾಗ. ಚೌಕಾಸಿ ಮಾಡಿ ಅಗ್ಗಕ್ಕೆ ತಂದಿದ್ದ ನನ್ನ ಹೆಂಚಿನ ಜಾಗ. ಮೋಡ ಕವಿದರೆ ಸಾಕು, ಮಾಸ್ತರರು ಕೂಗುತ್ತಿದ್ದರಂತೆ: "ಪದ್ಮಾ, ನಿಮ್ಮಪ್ಪಾರ ಹೆಸರಿನ ಬುಡಕ ಬಕೀಟ ಇಡವಾ!"

ಆದ್ದರಿಂದ ಶಾಲೆಗೆ ಕೊಡುವವರಿಗೆ ನನ್ನ ಸಲಹೆ ಇಷ್ಟೇ. ಚೌಕಾಸಿ ಧಾರಾಳವಾಗಿ ಮಾಡಿ, ಬೇಡವೆನ್ನುವುದಿಲ್ಲ. ಹೆಸರನ್ನು ಮಾತ್ರ ಒಂದು ಮಳೆಗಾಲ ಕಳೆದ ಮೇಲೆ ಬರೆಸಿ.