ಭೀಮೇಶನ ಮನೆಗೆ ಎಷ್ಟು ಸ್ಟಾರು?

"ಬಳೀಬೇಡ ಕಣ್ಲಾ! ನಿಲ್ಸು!"

ಭೀಮೇಶ್ ನಿಲ್ಲಿಸಲಿಲ್ಲ. ಮಾಳಿಗೆಯ ಮೇಲೆ ಮಂಡಿಯೂರಿ, ಬಕೆಟ್ಟಿನ ಸುಣ್ಣದಲ್ಲಿ ಕುಂಚ ಅದ್ದಿ ಅದ್ದಿ ಬಳಿಯುತ್ತಲೇ ಇದ್ದ. ಬೆಳಗಿನ ಎಂಟು ಗಂಟೆಗೇ ಹಿಂದೂಪುರದ ಬಿಸಿಲು ದೋಸೆ ಹೆಂಚಿನಂತೆ ಚುರುಗುಟ್ಟುತ್ತಿತ್ತು. ಮೆಟ್ಟಿಲ ತುದಿಯಲ್ಲಿ ಮನೆಯ ಓನರ್ ನರಸಕ್ಕ ಹುಣಸೆಹಣ್ಣಿನ ಮಂಕರಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು.

"ಬೆಳ್ಳಗೆ ಮಾಡ್ಬುಟ್ರೆ ಮಾಳಿಗೆ ಕಾಯಲ್ಲ. ಕಾಯ್ದೇ ಇದ್ರೆ ನನ್ನ ಹಣ್ಣು ಹೆಂಗ್ಲಾ ಒಣಗ್ತದೆ?"

"ಕಾಯ್ಬಾರ್ದು ಅಂತ್ಲೇ ಬಳೀತಿರೋದು ನರಸಕ್ಕ. ಸಾಯಂಕಾಲ ಐದರ ಬಸ್ಸಿಗೆ ಭಾರ್ಗವಿ ಬತ್ತಾಳೆ."

ನರಸಕ್ಕನ ಮುಖ ಸ್ವಲ್ಪ ಕರಗಿತು. "ಹಂಗಾದ್ರೆ ಇವತ್ತೊಂದಿನ ಅಂಗಳದಾಗೆ ಹರಡ್ತೀನಿ. ಯಾವೂರಿನ ಸಂಸಾರನಪ್ಪ ನಿಂದು!"

ಹೆಂಡತಿ ಭಾರ್ಗವಿ ಕಲ್ಯಾಣದುರ್ಗದ ತವರಿಗೆ ಹೋಗಿ ನಲವತ್ತೊಂದು ದಿನವಾಗಿತ್ತು. ಜಗಳವೇನಿಲ್ಲ. "ಈ ಮನೇಲಿ ಮುದ್ದೆ ಬೇಯ್ಸಕ್ಕೆ ಒಲೆ ಬೇಡ, ನಾನೇ ಬೆಂದೋಯ್ತೀನಿ. ತಣ್ಣಗಾದ್ಮೇಲೆ ಫೋನ್ ಮಾಡ್ರಿ" ಎಂದು ಹೊರಟಿದ್ದಳು. ಕನ್ನಡಿಯ ಮೇಲೆ ಅವಳು ಅಂಟಿಸಿ ಹೋದ ಬಿಂದಿಯೊಂದಿತ್ತು. ದಿನಾ ಮಧ್ಯಾಹ್ನದ ಕಾವಿಗೆ ಅಂಟು ಕರಗಿ ಅದು ಕೆಳಕ್ಕೆ ಜಾರುತ್ತಿತ್ತು. ದಿನಾ ಸಂಜೆ ಭೀಮೇಶ್ ಅದನ್ನು ಅವಳ ಹಣೆಯ ಎತ್ತರಕ್ಕೆ ಮತ್ತೆ ಅಂಟಿಸಿ, ಅದರೆದುರು ನಿಂತು ಊಟ ಆಯಿತೇ ಎಂದು ಕೇಳುತ್ತಿದ್ದ.

ಅವನು ಫ್ಯಾನು, ಫ್ರಿಜ್ಜು ಮಾರುವ ಅಂಗಡಿಯ ಸೇಲ್ಸ್‌ಮನ್. "ಸ್ಟಾರ್ ಎಣಿಸಿದ್ರೆ ಸಾಲ್ದು ಕಣಪ್ಪ. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ಅಂತ ಬರ್ದಿರ್ತದೆ, ಅದನ್ನ ನೋಡು. ಸ್ಟಿಕ್ಕರ್ ಯಾವ ವರ್ಷದ್ದು, ಅದನ್ನೂ ನೋಡು" ಎಂದು ಊರಿಗೆಲ್ಲ ಪಾಠ ಹೇಳುವವನು. ಹೆಂಡತಿ ಹೋದ ವಾರಕ್ಕೇ ಐದು ಸ್ಟಾರಿನ ಫ್ಯಾನು ತಂದು ಹಾಕಿದ್ದ. ಅದು ಒಳಗಿದ್ದ ಬೆಂಕಿಯನ್ನೇ ಕಡಿಮೆ ಕರೆಂಟಿನಲ್ಲಿ ತಿರುಗಿಸಿತು.

ಕೊನೆಗೆ ಅಂಗಡಿಯ ಮೆಕಾನಿಕ್ ಸಾಯಿಕುಮಾರ್ ಶಾಖ ಅಳೆಯುವ ಗನ್ನು ತಂದು ಸೂರಿಗೆ ಗುರಿಯಿಟ್ಟ. ನಲವತ್ನಾಲ್ಕು ಡಿಗ್ರಿ!

"ಅಣ್ಣಾ, ಫ್ಯಾನಿಗೆ ಸ್ಟಾರ್ ನೋಡ್ದೆ, ಮನೆಗೆ ನೋಡ್ಲಿಲ್ಲ. ನನ್ನ ಕೇಳಿದ್ರೆ ಈ ಮನೆಗೆ ಸೊನ್ನೆ ಸ್ಟಾರು. ಮೊದ್ಲು ಬಿಸಿ ಒಳಕ್ಕೆ ಬರ್ದಂಗೆ ನೋಡ್ಕೊ. ಮಾಳಿಗೆ ಬೆಳ್ಳಗಿರ್ಲಿ, ಪಡುವಣ ಕಿಟಕಿಗೆ ನೆರಳು ಮಾಡು. ಫ್ಯಾನು ಆಮೇಲೆ."

ಗನ್ನನ್ನು ಭೀಮೇಶನ ಕೈಯಲ್ಲೇ ಬಿಟ್ಟು ಹೋದ. ಭೀಮೇಶ್ ಬಾ ಎಂದು ಭಾರ್ಗವಿಗೆ ಫೋನ್ ಮಾಡಿ, ಒಂದು ದಿನ ರಜೆ ಹಾಕಿದ.

ಸುಣ್ಣ ಮುಗಿಸಿ ಇಳಿದಾಗ ಎದುರುಮನೆಯ ಓಬುಳಪತಿ ಹಾಜರು. "ಫ್ರಿಜ್ಜು ಗೋಡೆಗೆ ಅಂಟ್ಕೊಂಡದೆ ಕಣಯ್ಯ. ಅದ್ರ ಬೆನ್ನಿಗೂ ಗಾಳಿ ಬೇಕು. ಹಿಡ್ಕೊ!" ಇಬ್ಬರೂ ಎಳೆದರು. ಫ್ರಿಜ್ಜಿನ ಒಂದು ಕಾಲು ಮುರಿದು, ಅದು ಕುಡಿದವನಂತೆ ವಾಲಿ, ಭಾರ್ಗವಿಗೆಂದು ಹೆಪ್ಪುಹಾಕಿದ್ದ ಮೊಸರನ್ನು ಭೀಮೇಶನ ಹೊಸ ಷರಟಿನ ಮೇಲೆ ಕಕ್ಕಿತು.

"ಪರ್ವಾಗಿಲ್ಲ, ಇಟ್ಟಿಗೆ ಕೊಡು" ಎಂದ ಓಬುಳಪತಿ. "ಕಿಟಕಿಗೆ ಗೋಣಿಚೀಲ ಕಟ್ಟಿ ನೀರ್ಹಾಕು. ನೆರಳಿಗೆ ನೆರಳು, ತಂಪಿಗೆ ತಂಪು."

ಭೀಮೇಶ್ ಹಾಕಿದ. ಕೊಡದ ಮೇಲೆ ಕೊಡ ಹಾಕಿದ. ಮೂರೂವರೆಗೆ ಸೂರಿಗೆ ಹಿಡಿದ ಗನ್ನು ಮೂವತ್ಮೂರು ತೋರಿಸಿತು. ಬಿಂದಿ ಇದ್ದ ಜಾಗದಲ್ಲೇ ಇತ್ತು!

"ಏಮಿರಾ ಇದಿ! ಏನ್ಲಾ ಇದು!"

ನರಸಕ್ಕ ಬಾಗಿಲ ಮೆಟ್ಟಿಲೇರಿ ಬರುತ್ತಿದ್ದಳು. ಮುಷ್ಟಿಯಲ್ಲಿ ಒದ್ದೆ ಹುಣಸೆಹಣ್ಣು. ಗೋಣಿಯ ನೀರೆಲ್ಲ ಅಂಗಳದಲ್ಲಿ ಹರಡಿದ್ದ ಹಣ್ಣಿನ ಮೇಲೆ ಸುರಿದಿತ್ತು. "ನನ್ನ ಹಣ್ಣನ್ನ ಸಾರು ಮಾಡ್ಬುಟ್ಯಲ್ಲೋ..." ಎನ್ನುತ್ತ ಹೊಸಿಲು ದಾಟಿದವಳು ಅರ್ಧ ಬೈಗುಳದಲ್ಲೇ ನಿಂತುಬಿಟ್ಟಳು. ಬರಿಗಾಲನ್ನು ನೆಲದ ಮೇಲೆ ಮೆಲ್ಲಗೆ ಉಜ್ಜಿದಳು.

"ಅಬ್ಬಾ... ಎಂತ ಚಲ್ಲಗುಂದಿ! ಎಷ್ಟು ತಣ್ಣಗದೆ! ಇದು ನನ್ನ ಮನೇನಾ?"

"ಐದು ಸ್ಟಾರು, ನರಸಕ್ಕ!"

ನರಸಕ್ಕ ಹಿತ್ತಲಿನ ತಗಡು ಶೀಟಿನ ರೂಮಿನಲ್ಲಿ ಇರುವವಳು. 'ಆ ಮಾಳಿಗೆ ಮನೆಗಿಂತ ನನ್ನ ಶೀಟೇ ವಾಸಿ' ಎಂಬುದು ಅವಳ ಹಳೆಯ ಮಾತು. ಈಗ ಸೆರಗು ಹಾಸಿ ಅಲ್ಲೇ ಮಲಗಿ ನಿದ್ದೆಹೋದಳು. ಎಬ್ಬಿಸಲು ಹೆದರಿ ಭೀಮೇಶ್ ಹಾಗೇ ಬಸ್‌ಸ್ಟ್ಯಾಂಡಿಗೆ ಓಡಿದ.

ಬಸ್ಸಿಳಿದ ಭಾರ್ಗವಿ ಸ್ವಲ್ಪ ಬಡವಾಗಿದ್ದಳು. "ಬಿಸಿ ಇದ್ರೆ ಏಳರ ಬಸ್ಸಿಗೆ ವಾಪಸ್ ಹೋಯ್ತೀನಿ" ಎಂದಳು. ಆದರೆ ಆಟೋದಲ್ಲಿ ನಡುವೆ ಇದ್ದ ಬ್ಯಾಗನ್ನು ಕಾಲ ಬಳಿಗೆ ಸರಿಸಿ ಹತ್ತಿರ ಕೂತಳು.

ಮನೆಯೊಳಗೆ ಬಂದವಳು ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿದಳು. "ನಿಜ್ವಾಗ್ಲೂ ತಣ್ಣಗದೆ ಕಣ್ರೀ. ನಂಗೋಸ್ಕರ ಮಾಡಿದ್ರಾ?" ಕನ್ನಡಿಯ ಬಿಂದಿ ಕಿತ್ತು ಹಣೆಗಿಟ್ಟುಕೊಂಡಳು. ಭೀಮೇಶನಿಗೆ ನಲವತ್ತೊಂದು ದಿನವೂ ಒಂದು ಉಸಿರಿನಲ್ಲಿ ಕಳೆದಂತಾಯಿತು.

ಅಷ್ಟರಲ್ಲಿ ಒಳಕೋಣೆಯಿಂದ ನರಸಕ್ಕ ಬಂದಳು. ಅವಳ ಹಿಂದೆ ಅವಳ ಟ್ರಂಕು, ಹಾಸಿಗೆ, ದೇವರ ಪಟ ಎಲ್ಲ ಸಾಲಾಗಿ ಕೂತಿದ್ದವು.

"ಬಾಮ್ಮ ಭಾರ್ಗವಿ. ಇಪ್ಪತ್ತು ವರ್ಷ ಆ ಶೀಟಿನಡಿ ಬೆಂದೆ ಕಣಮ್ಮ. ಇವತ್ತು ಕಣ್ತುಂಬ ನಿದ್ದೆ ಬಂತು. ಇನ್ಮೇಲೆ ನಾನೇ ಇಲ್ಲಿರ್ತೀನಿ. ನಿಮ್ಮನ್ನ ಬೀದೀಗೆ ಬಿಡ್ತೀನಾ? ಶೀಟಿನ ರೂಮು ಖಾಲಿ ಅದೆ." ಬೀಗದಕೈಯನ್ನು ಭಾರ್ಗವಿಯ ಮುಂದೆ ಹಿಡಿದಳು.

ಭೀಮೇಶ್ ಕಿಟಕಿಯಿಂದ ಹಿತ್ತಲಿನ ಶೀಟು ನೋಡಿದ. ಬಕೆಟ್ಟಿನಲ್ಲಿ ಇನ್ನೂ ಅರ್ಧ ಸುಣ್ಣವಿತ್ತು.

"ಭಾರ್ಗವಿ, ನಾಳೆ ಬೆಳಗ್ಗೆ ಶೀಟಿಗೂ ಬಳಿದ್ರೆ..."

ಭಾರ್ಗವಿ ಹಣೆಯ ಬಿಂದಿ ಕಿತ್ತು, ಕನ್ನಡಿಯ ಮೇಲೆ ಅದೇ ಜಾಗಕ್ಕೆ ಅಂಟಿಸಿದಳು.

"ನಾನಿರಲ್ಲ."